ಕೊನೆಯ ಗದ್ದೆಗೆ ಮೊದಲ ನೀರು

ಲೇ ಬೋರೇಗೌಡ, ನೀನು ತೀರಿಕೊಂಡು ಮೂರು ವರ್ಷವಾದರೂ ಈ ಸುದ್ದಿ ಮೊದಲು ನಿನಗೇ ಹೇಳಬೇಕು. ಇವತ್ತು ಬೆಳಗ್ಗೆ ಕಿರಂಗೂರಿನ ನಾಲೆಯ ನೀರು ನಿನ್ನ ಕೊನೆಯ ಗದ್ದೆಯನ್ನು ಮುಟ್ಟಿತು ಕಣಯ್ಯಾ.

ನನ್ನಂಥ ಮೇಲಿನ ಗದ್ದೆಯವರು ನಾಲ್ಕು ದಿನ ತೂಬು ಮುಚ್ಚಬೇಕು, ಕೊನೆಯವರಿಗೇ ಮೊದಲ ನೀರು ಎಂದು ನೀರಿನ ಸಂಘದಲ್ಲಿ ತೀರ್ಮಾನವಾಗಿತ್ತು. ಮೊದಲು ಕೈ ಎತ್ತಿದವನು ನಾನು. ನೀನು ತೀರಿಕೊಂಡ ವರ್ಷ, ಪೈರು ಒಣಗುತ್ತಿದೆ ಎಂದು ಇದನ್ನೇ ಕೇಳಿದಾಗ, ಅರಳಿಕಟ್ಟೆಯಲ್ಲಿ ದುರ್ಯೋಧನನ ಗತ್ತಿನಿಂದ "ಒಂದು ತೊಟ್ಟೂ ಕೊಡಲಾರೆ" ಎಂದು ಗುಡುಗಿ ಚಪ್ಪಾಳೆ ಗಿಟ್ಟಿಸಿದವನೂ ನಾನೇ.

ಒಣಗುತ್ತಿದ್ದ ನಿನ್ನ ಪೈರು ಉಳಿಯಿತು. ನಾಲ್ಕು ದಿನ ನೀರಿಲ್ಲದೆಯೂ ನನ್ನ ಭತ್ತಕ್ಕೆ ಏನೂ ಆಗಲಿಲ್ಲ. ಎದೆ ಹಗುರವಾಯಿತು.

ನಿನ್ನ ಹೆಂಡತಿ ಬೆಟ್ಟಮ್ಮ ಬದುವಿನ ಮೇಲೆ ನಿಂತು ನೀರನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತೂ ನಾಕು ದಿನ ತೂಬು ಮುಚ್ಚಿದ್ರೆ ಸಾಕಾಗಿತ್ತೇನಣ್ಣ?" ಅಂದಳು.

ಮೂರು ಊರಿಗೆ ಕೇಳುವ ಗಂಟಲು ನನ್ನದು. ನನ್ನ "ಹೂಂ" ಅವಳವರೆಗೂ ಹೋಗಲಿಲ್ಲ.