ಗುಲಾಬಿ ತ್ರಿಕೋನ

ವೆರಿಬೀ, ಮೆಲ್ಬರ್ನ್
ಬುಧವಾರ, 12 ನವೆಂಬರ್ 2025

ನನ್ನ ಚಿನ್ನ ಸುಮುಖಾ,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತಾ? ಸ್ಟೇಜಿನ ಮೇಲೆ ನಿನ್ನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಮ್ಯಾಕ್ವೆರಿ ಪಾರ್ಕಿನ ಆಫೀಸು ಮುಗಿಸಿ ನೇರ ರಿಹರ್ಸಲ್‌ಗೆ ಓಡುವವನು ಊಟ ಯಾವಾಗ ಮಾಡುತ್ತೀಯೋ. ಹೌದು ಕಣೋ, ಭಾನುವಾರ ಮಧ್ಯಾಹ್ನದ ಆಟಕ್ಕೆ ಬಂದಿದ್ದೆ. ನಿಮ್ಮಪ್ಪನೂ ಬಂದಿದ್ದರು.

ಸಿಡ್ನಿಯಲ್ಲಿ ಅರುಂಧತಿ ಆಂಟಿಯ ಗೃಹಪ್ರವೇಶವಿತ್ತು, ಅದೇ ನೆಪವಾಯಿತು. ಯಾವುದೋ ಸಂಗೀತ ನಾಟಕ ಎಂದಷ್ಟೇ ಹೇಳಿ ಕರೆತಂದೆ. ಇಂದ್ರೇಶನ ಜೊತೆಯಲ್ಲೇ ಬಾಳುತ್ತೇನೆ ಎಂದು ನೀನು ಹೇಳಿದ ದಿನದಿಂದ ಅವರು ನಿನ್ನ ಹೆಸರೆತ್ತಿಲ್ಲವಲ್ಲ. ಇದೇ ನಾಟಕವನ್ನು ನೀನು ಯೂನಿವರ್ಸಿಟಿಯಲ್ಲಿ ಆಡಿದಾಗ, ವಿಯೆನ್ನಾದ ಆ ಕಾಫಿ ಅಂಗಡಿಯಲ್ಲಿ ಮದುವೆ ನಡೆದು, ಪಿಯಾನೋ ನುಡಿಸುವ ನಿನ್ನ ಸುತ್ತ ಎಲ್ಲರೂ ಕುಣಿಯುತ್ತಿದ್ದಂತೆ ಪರದೆ ಬಿದ್ದಿತ್ತು. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅದನ್ನೇ ಮತ್ತೆ ನೋಡಿದರೆ ಮನಸ್ಸು ಕರಗೀತು ಎಂದುಕೊಂಡೆ. ಭಾನುವಾರ ನೀನು ಕಾಣಿಸಿದ ಕೂಡಲೇ ಎದ್ದು ಹೊರಟರು. ತೋಳು ಹಿಡಿದು ಕೂರಿಸಿದೆ.

ಈ ಸಲ ಕೊನೆಯನ್ನೇ ಬದಲಿಸಿದ್ದೀರಿ. ಅದೇ ಹಾಡು, ಅದೇ ಕುಣಿತ. ನಡುವೆ ನಾಜಿ ಸೈನಿಕರು ನುಗ್ಗಿ ಒಬ್ಬೊಬ್ಬರನ್ನೇ ಎಳೆದೊಯ್ದರು. ಅಂಗಡಿಯ ಯಹೂದಿ ಮುದುಕಿಯ ಎದೆಗೆ ಹಳದಿ ನಕ್ಷತ್ರ. ಕಡೆಗೆ ನಿನ್ನ ಪಟ್ಟೆಪಟ್ಟೆ ಅಂಗಿಯ ಮೇಲೆ ಗುಲಾಬಿ ತ್ರಿಕೋನ. ಪಿಯಾನೋ ನಿಂತುಹೋಯಿತು. ಪರದೆ ಬೀಳಲಿಲ್ಲ, ನೀವು ಯಾರೂ ವಂದಿಸಲು ಹೊರಗೆ ಬರಲಿಲ್ಲ. ಯಾರಿಗೂ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ. ನಿಮ್ಮಪ್ಪ ಅಳುತ್ತಿದ್ದರು ಸುಮುಖಾ, ಕರ್ಚೀಫು ಒದ್ದೆಯಾಗುವಷ್ಟು. ನನಗೆ ಎಷ್ಟು ಆಸೆ ಹುಟ್ಟಿತು ಗೊತ್ತಾ?

ಕಾರ್ ಪಾರ್ಕಿನಲ್ಲಿ ಕೇಳಿದರು: “ಮನುಷ್ಯರೇನೇ ಆ ನಾಜಿಗಳು? ಮುದುಕಿಗೆ ಸ್ಟಾರ್ ಹಾಕಿದ್ದು ಗೊತ್ತಾಯ್ತು. ಇವನಿಗ್ಯಾಕೆ ಪಿಂಕ್?” ಅವರ ಬಾಯಲ್ಲಿ ನಿನ್ನ ಮಾತು ಬಂತಲ್ಲ ಎಂದು ಧೈರ್ಯ ಮಾಡಿದೆ. “ಗಂಡಸನ್ನ ಪ್ರೀತಿಸಿದ್ದಕ್ಕೆ ರೀ. ಅಂಥವರನ್ನೂ ಕ್ಯಾಂಪಿಗೆ ಹಾಕಿ ಸಾಯಿಸ್ತಿದ್ರು,” ಎಂದೆ. ಅವರ ಕೆನ್ನೆ ಇನ್ನೂ ಆರಿರಲಿಲ್ಲ. “ಪಾಪ, ಆ ಮುದುಕಿ ಏನು ತಪ್ಪು ಮಾಡಿದ್ಲು,” ಎಂದು ಕಾರು ಸ್ಟಾರ್ಟ್ ಮಾಡಿದರು. ಏರ್‌ಪೋರ್ಟಿನಲ್ಲಿ ಬಾಡಿಗೆ ಕಾರಿನ ಕೀ ಒಪ್ಪಿಸಿ, ನನಗಿಂತ ಮುಂದೆ ನಡೆದುಬಿಟ್ಟರು.

ನೀನು ತುಂಬಾ ಚೆನ್ನಾಗಿ ನುಡಿಸಿದೆ. ಇಂದ್ರೇಶನಿಗೂ ನನ್ನ ಆಶೀರ್ವಾದ ತಿಳಿಸು. ಇಬ್ಬರೂ ಹೊತ್ತಿಗೆ ಸರಿಯಾಗಿ ಬಿಸಿಯಾಗಿ ಉಣ್ಣಿ, ತಣ್ಣಗಿರಿ.

ನಿನ್ನ ಅಮ್ಮ,
ಸುಜಾತಾ

ತಾ.ಕ.: ನಿನ್ನ ತಂಗಿ ಅನನ್ಯಾಳ ಮದುವೆ ಜನವರಿಗೆ ನಿಶ್ಚಯವಾಗಿದೆ. “ಅವನು ಬರಕೂಡದು, ನೀನೇ ತಿಳಿಸು” ಎಂದರು ನಿಮ್ಮಪ್ಪ. ಅನನ್ಯಾ ಆಹ್ವಾನ ಪತ್ರಿಕೆಗಳ ಮೇಲೆ ಹೆಸರು ಬರೆಯುತ್ತಲೇ ಇದ್ದಳು. ಬರಬೇಡ ಕಂದಾ.