ಟ್ಯಾಂಕಿನ ಮೇಲಿನ ಹೆಸರು

ನವೆಂಬರ್ ೧೮, ಮಂಗಳವಾರ

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ. ಐದನೇ ಇಯತ್ತೆಗೇ ಶಾಲೆ ಬಿಟ್ಟ ಕೈ, ಡೈರಿಯೇ, ಮನ್ನಿಸು.

ಬೆಳಗಾವಿಯಲ್ಲಿ ಕೊಂಡ ಹಳೆಯ ಬೈಕು ನಿನ್ನೆ ಸಿಂಧನೂರಿಗೆ ಮರಳುತ್ತಿದ್ದ ಅಕ್ಕಿ ಲಾರಿಯಲ್ಲಿ ನನ್ನ ಜೊತೆ ನಮ್ಮೂರು ಮಸ್ಕಿಗೆ ಬಂತು. ಟ್ಯಾಂಕಿನ ಮೇಲೆ ‘ಸೋಮಲಿಂಗ’ ಎಂದಿದೆ. ಮಾರಿದ ಮುದುಕನ ಮಗ, ಜ್ವರದಿಂದ ತೀರಿಹೋದವನು. ಕ್ಲೀನರ್ ಬಿಗಿದ ಹಗ್ಗ ಆ ಹೆಸರಿನ ಮೇಲೆ ಹಾಯ್ದಿತ್ತು. ಮುದುಕ ಲಾರಿ ಹತ್ತಿ ಅದನ್ನು ಬಿಚ್ಚಿ ಹೆಸರಿಗೆ ತಾಗದಂತೆ ಕೆಳಗೆ ಕಟ್ಟಿದ. ಲಿಂಗಸುಗೂರು ದಾಟಿದರೂ ಆ ಬೆರಳುಗಳೇ ಕಣ್ಣ ಮುಂದಿದ್ದವು.

ಆರತಿ ತಂದ ಅವ್ವ ವಿಷಯ ಕೇಳಿ ತಟ್ಟೆ ಕೆಳಗಿಟ್ಟಳು.

“ಸತ್ತವನ ಹೆಸರು ಮನಿ ಮುಂದ ಬ್ಯಾಡಲೇ. ಮೊದಲು ಕೆರದು ಹಾಕು, ಆಮ್ಯಾಲೆ ಗಾಲಿಗೆ ನಿಂಬಿಹಣ್ಣು ಇಡತೀನಿ.”

“ಅವರಪ್ಪಗ ಗೊತ್ತಾದ್ರ, ಅವ್ವಾ...”

“ಅದರ ಮ್ಯಾಲೆ ಕುಂದ್ರಾಂವ ನನ್ನ ಮಗ.”



ಇವತ್ತು ಮುಂಜಾನೆ ಬ್ಲೇಡು ಹಿಡಿದು ಗಾಡಿಯ ಮುಂದೆ ಕೂತೆ. ಹೆಸರಿನ ಮೇಲೆ ದಾರಿಯ ಧೂಳು ಕೂತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ, ಅಷ್ಟೇ.