ಕೊನೆಯ ಸವಾರ ಗೆರೆ ಮುಟ್ಟುವ ಮೊದಲೇ ರೇಸ್ ನಿಲ್ಲಿಸಿದವರಿಗೆ

ಮಾನ್ಯ ದಕ್ಷಿಣ ವಲಯ ಕಾರ್ಯಕ್ರಮ ಮುಖ್ಯಸ್ಥರೇ,

ಮೊನ್ನೆ ಬುಧವಾರ ಸಂಜೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಿಮ್ಮ ಕ್ರೀಡಾ ವಾಹಿನಿಯಲ್ಲಿ ಯುರೋಪಿನ ಮೂರು ವಾರಗಳ ಸೈಕಲ್ ರೇಸಿನ ಪ್ರಸಾರ ನಡುವೆಯೇ ನಿಂತು, ಎಣ್ಣೆ ಬೇಡದ ಬಾಣಲೆಯ ಜಾಹೀರಾತು ಶುರುವಾಯಿತು. ಅದರ ನಂತರ ಎಂಟು ವರ್ಷ ಹಳೆಯ ಕ್ರಿಕೆಟ್ ಪಂದ್ಯ. ಇದನ್ನು ಮೊದಲು ವರದಿ ಮಾಡಿದವರು ನನ್ನ ತಾಯಿ ಸುವರ್ಣಮ್ಮ. ವಯಸ್ಸು ಎಪ್ಪತ್ತೊಂಬತ್ತು. ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿರುವ ನಮ್ಮ ಸೈಕಲ್ ಬಿಡಿಭಾಗಗಳ ಸಗಟು ಅಂಗಡಿಯ ಗಲ್ಲಾದಲ್ಲಿ ಕೂತು ಅವರು ನನಗೆ ಕೂಗಿ ಹೇಳಿದ ಮಾತು ಹೀಗಿತ್ತು: "ಸಿದ್ದೂ, ನಿಧಾನಪ್ಪ ಎಲ್ಲಿ ಹೋದನೋ? ಟಿವ್ಯಾಗ ಬಾಣಲಿ ಮಾರಾಕತ್ತಾರ!"

ನಿಧಾನಪ್ಪ ಯಾರೆಂದು ನಿಮಗೆ ತಿಳಿದಿರಲಾರದು. ತಿಳಿದಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ. ಅವನು ಪೋರ್ಚುಗಲ್‌ನ ಸವಾರ. ಹೆಸರು ನಾಲಿಗೆಗೆ ಒಗ್ಗದೆ ನಮ್ಮ ತಾಯಿ ಈ ಹೆಸರಿಟ್ಟರು. ಹನ್ನೊಂದು ವರ್ಷಗಳಿಂದ ಈ ರೇಸಿನಲ್ಲಿ ಓಡುತ್ತಿದ್ದಾನೆ, ಒಂದು ದಿನವೂ ಗೆದ್ದಿಲ್ಲ. ಬೆಟ್ಟ ಬಂದರೆ ಕೊನೆಯವನು ಅವನೇ. ಮೊದಲನೆಯವನು ಗೆರೆ ಮುಟ್ಟಿದ ಮೇಲೆ ಇಂತಿಷ್ಟು ನಿಮಿಷದೊಳಗೆ ಬಾರದವನನ್ನು ಮರುದಿನ ಓಡಲು ಬಿಡುವುದಿಲ್ಲ. ಹಾಗಾಗಿ ಗೆದ್ದವನು ಹೂಗುಚ್ಛ ಹಿಡಿದು ನಿಂತ ಮೇಲೆಯೇ ನಮ್ಮ ರೇಸ್ ಶುರು. ಈ ಪದ್ಧತಿ ಹಾಕಿದವರು ನನ್ನ ತಂದೆ ವೀರಪ್ಪ. ರಾಣೆಬೆನ್ನೂರಿನಿಂದ ಬಂದು ಚಕ್ರದ ಕಡ್ಡಿ, ಚೈನು, ಬೇರಿಂಗ್ ಗುಂಡು ಮಾರಿ ಬದುಕಿದವರು. "ಮೊದಲು ಬಂದವಗ ಹೊಸಾ ಸೈಕಲ್ ಇರ್ತದ. ನಮ್ಮ ಗಿರಾಕಿ ಹಿಂದ ಬರ್ತಾನ, ಅವನ್ನ ನೋಡ್ರಿ," ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೂ ನಿಯಮ ಬದಲಾಗಿಲ್ಲ: ರೇಸಿನ ದಿನಗಳಲ್ಲಿ ಕೊನೆಯ ಸವಾರ ಗೆರೆ ದಾಟುವವರೆಗೆ ಅಂಗಡಿಯ ಷಟರ್ ಇಳಿಯುವುದಿಲ್ಲ.

ಬುಧವಾರ ನೀವು ಪ್ರಸಾರ ನಿಲ್ಲಿಸಿದಾಗ ನಿಧಾನಪ್ಪನಿಗೆ ಇನ್ನೂ ಮೂರು ಕಿಲೋಮೀಟರ್ ಏರು ಇತ್ತು, ಉಳಿದ ಗಡುವು ಹನ್ನೊಂದು ನಿಮಿಷ. ಇದು ಅವನ ಕೊನೆಯ ರೇಸ್ ಎಂದು ಮೊದಲ ದಿನವೇ ಅವನು ಘೋಷಿಸಿದ್ದಾನೆ. ಅಂಗಡಿಯ ಒಳಗೂ ಹೊರಗೂ ಸೇರಿ ಮೂವತ್ತನಾಲ್ಕು ಜನ ನಿಂತಿದ್ದರು. ನಾನೇ ಎಣಿಸಿದ್ದೇನೆ. ಮೆಕ್ಯಾನಿಕ್‌ಗಳು, ಸರಕಿನ ಮೂರು ಚಕ್ರದ ಗಾಡಿ ತುಳಿಯುವವರು, ಪಲ್ಲಾವರಂ ಸಂತೆಯಲ್ಲಿ ಹಳೆ ಸೈಕಲ್ ಮಾರುವ ಹರಿದಾಸ. ಯಾರೂ ಕದಲಲಿಲ್ಲ. ನನ್ನ ಮಗಳು ಶರಣ್ಯಾ ಫೋನ್ ತೆಗೆದು, ತಮಿಳಿನಲ್ಲೇ, "ಅಜ್ಜಿ, ಹೈಲೈಟ್ಸ್ ವರುಂ, ಅಂಜು ನಿಮಿಷಂ ದಾನ್," ಎಂದಳು.

"ಐದು ನಿಮಿಷದಾಗ ನಿಧಾನಪ್ಪ ಬರ್ತಾನೇನು?"

"ಇಲ್ಲ ಅಜ್ಜಿ. ಜಯಿಚ್ಚವಂಗ ಮಟ್ಟುಂ."

"ಗೆದ್ದವರ ಮುಖ ತಗೊಂಡು ನಾನೇನ್ ಮಾಡ್ಲಿ?"

ಮುಕ್ಕಾಲು ಗಂಟೆಯ ನಂತರ ಫಲಿತಾಂಶದ ಪಟ್ಟಿ ಸಿಕ್ಕಿತು. ನಲವತ್ತು ಸೆಕೆಂಡು ಉಳಿದಿದ್ದಾಗ ಅವನು ಗೆರೆ ಮುಟ್ಟಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು, ತಾಯಿ ತಟ್ಟಲಿಲ್ಲ. "ಪಟ್ಟಿ ಯಾರಿಗೆ ಬೇಕು? ಅವ ಕಾಲೂರಿ ಇಳಿದನೋ, ಬಿದ್ದನೋ, ಅದನ್ನ ಹೇಳ್ರಿ," ಎಂದರು. ಪಟ್ಟಿಯಲ್ಲಿ ಅದು ಇರಲಿಲ್ಲ.

ಗುರುವಾರ ನಿಮ್ಮ ಕಚೇರಿಗೆ ದೂರು ಕೊಟ್ಟೆ. ಪ್ರಸಾರದ ಹಕ್ಕು ಈಗಲೂ ನಿಮ್ಮ ಬಳಿಯೇ ಇದೆ ಎಂದು ನಿಮ್ಮವರೇ ದೂರವಾಣಿಯಲ್ಲಿ ಒಪ್ಪಿಕೊಂಡರು. ನಂತರ ನಿಮ್ಮ ಸಹಿಯ ಮಿಂಚಂಚೆ ಬಂತು: "ಚೆನ್ನೈಯಲ್ಲಿ ಈ ಕ್ರೀಡೆಗೆ ಗಮನಾರ್ಹ ಸಂಖ್ಯೆಯ ವೀಕ್ಷಕರಿಲ್ಲದ ಕಾರಣ ಉಳಿದ ಹಂತಗಳ ಪ್ರಸಾರ ಕೈಬಿಟ್ಟು ಕಾರ್ಯಕ್ರಮ ಬದಲಾವಣೆ ಮಾಡಲಾಗಿದೆ." ಸ್ವಾಮಿ, ವೀಕ್ಷಕರನ್ನು ಅಳೆಯುವ ನಿಮ್ಮ ಪೆಟ್ಟಿಗೆ ಇರುವುದು ಆಯ್ದ ಕೆಲವು ಮನೆಗಳಲ್ಲಿ. ಅಂಗಡಿಯಲ್ಲಿ ನಿಂತು ನೋಡುವವನು ಅದಕ್ಕೆ ಕಾಣುವುದು ಹೇಗೆ? ಮೂವತ್ತನಾಲ್ಕು ಜನ ಉಸಿರು ಬಿಗಿಹಿಡಿದರೂ ನಿಮ್ಮ ಲೆಕ್ಕದಲ್ಲಿ ಅದು ಸೊನ್ನೆ. ಹಳೆಯ ಕ್ರಿಕೆಟ್ ಪಂದ್ಯ ಹಚ್ಚಿಟ್ಟು ನಿದ್ದೆ ಹೋದ ಮನೆ ಮಾತ್ರ ಗಮನಾರ್ಹ. ಹಕ್ಕು ಇಟ್ಟುಕೊಂಡು ತೋರಿಸದಿರುವುದಕ್ಕೆ ಏನೆನ್ನಬೇಕು? ಬೇರೆಯವರೂ ತೋರಿಸದಂತೆ ನೋಡಿಕೊಳ್ಳುವುದೇ ನಿಮ್ಮ ಉದ್ಯೋಗವೇ?

ಇನ್ನು ನಮ್ಮ ಕಡೆಯ ಸಂಗತಿ. ಕಳೆದ ವಾರ ನಿಮ್ಮ ಚಾಲಕರು ಮೈಲಾಪೂರಿನ ಮೆಕ್ಯಾನಿಕ್ ಮೋನಪ್ಪನವರಲ್ಲಿ ಒಂದು ಇಟಾಲಿಯನ್ ಸೈಕಲ್ ಬಿಟ್ಟುಹೋಗಿದ್ದಾರೆ. ಚೀಟಿಯಲ್ಲಿ ನಿಮ್ಮ ಹುದ್ದೆಯೇ ಬರೆದಿದೆ. ಮುಂದಿನ ಭಾನುವಾರ ನೀವು ಮಹಾಬಲಿಪುರಕ್ಕೆ ಸವಾರಿ ಹೊರಡುವವರಿದ್ದೀರಂತೆ. ಅದೇ ಸಂಜೆ ಈ ರೇಸಿನ ಕಡೆಯ ಹಂತವೂ ಇದೆ. ಹಿಂದಿನ ಚಕ್ರ ಬಾಗಿದೆ, ಮೋನಪ್ಪ ಕಡ್ಡಿಗಳನ್ನೆಲ್ಲ ಬಿಚ್ಚಿಟ್ಟಿದ್ದಾರೆ. ಅದಕ್ಕೆ ಹೊಂದುವ ಕಡ್ಡಿ ಈ ಊರಿನಲ್ಲಿ ತರಿಸುವುದು ನಮ್ಮ ಅಂಗಡಿ ಒಂದೇ. ಅಂಥ ಚಕ್ರ ಕಟ್ಟಲು ದೊಡ್ಡ ಷೋರೂಮಿನವರೂ ಮೋನಪ್ಪನ ಬಳಿಗೇ ಕಳಿಸುತ್ತಾರೆ. ಮೋನಪ್ಪನವರೂ ಬುಧವಾರ ನಮ್ಮೊಂದಿಗೆ ನಿಂತಿದ್ದರು.

ನಿಮ್ಮ ಮಿಂಚಂಚೆ ಓದಿದ ಮೇಲೆ ಅವರು ಕೇಳಿದರು: "ಬಿಚ್ಚಿದ್ದು ನಾನು. ಕಟ್ಟೋದಾ ಬೇಡವಾ, ಅಮ್ಮ ಹೇಳಲಿ."

"ಬಿಚ್ಚಿದ್ದು ಬಿಚ್ಚಿದಂಗ ಕೊಟ್ಟುಬಿಡು," ಎಂದರು ತಾಯಿ. "ಒಂದು ಗುಂಡು ಸುದ್ದಾ ಇಟ್ಕೋಬ್ಯಾಡ. ನಾವೇನು ಕಳ್ಳರಲ್ಲ."

ನಿನ್ನೆ ಸಂಜೆ ಪ್ಯಾರೀಸ್, ಮೈಲಾಪೂರ್, ಪಲ್ಲಾವರಂಗಳ ಇಪ್ಪತ್ತಾರು ಮೆಕ್ಯಾನಿಕ್‌ಗಳು ಒಪ್ಪಿದ್ದಾರೆ: ಆ ಸೈಕಲ್ಲಿಗೆ ಯಾರೂ ಕೈ ಹಚ್ಚುವುದಿಲ್ಲ, ನಾವು ಕಡ್ಡಿ ಮಾರುವುದಿಲ್ಲ. ಇದು ಬೆದರಿಕೆಯಲ್ಲ, ನಮ್ಮ ಕಡೆಯ ಕಾರ್ಯಕ್ರಮ ಬದಲಾವಣೆ. ಇಟಾಲಿಯನ್ ಸೈಕಲ್ ತರುವ ಗಿರಾಕಿಗಳ ಸಂಖ್ಯೆ ನಮ್ಮಲ್ಲಿ ಗಮನಾರ್ಹವಲ್ಲ. ಇದರಲ್ಲಿ ನನಗೆ ಸಂತೋಷವಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಸಂತೋಷವಿದೆ.

ನಮ್ಮ ಬೇಡಿಕೆ ಒಂದೇ. ಇಂದಿನದೂ ಸೇರಿ ಒಂಬತ್ತು ಹಂತ ಬಾಕಿ ಇವೆ. ಪ್ರತಿದಿನ ಕೊನೆಯ ಸವಾರ ಗೆರೆ ಮುಟ್ಟುವವರೆಗೆ ತೋರಿಸಿ. ಹನ್ನೊಂದು ವರ್ಷ ಕಾದ ಹೆಂಗಸು, ಅವನು ಕಡೆಯ ಬಾರಿ ಸೈಕಲ್ಲಿನಿಂದ ಇಳಿಯುವುದನ್ನು ಕಣ್ಣಾರೆ ನೋಡಬೇಕು. ಈ ಭಾನುವಾರ ಸಂಜೆಯೊಳಗೆ ಪ್ರಸಾರ ಮತ್ತೆ ಶುರುವಾದರೆ ಚಕ್ರ ಎರಡು ದಿನದಲ್ಲಿ ಸಿದ್ಧ. ಆಗದಿದ್ದರೆ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಮೋನಪ್ಪನವರು ನಿಮ್ಮ ಕಚೇರಿಯ ಕಾವಲುಗಾರರ ಬಳಿ ಸೈಕಲ್ ಬಿಟ್ಟು ರಸೀದಿ ಪಡೆಯುತ್ತಾರೆ. ಹಿಂದಿನ ಚಕ್ರ ಪ್ರತ್ಯೇಕ ಗೋಣಿಚೀಲದಲ್ಲಿರುತ್ತದೆ.

ಇಂತಿ,
ಸಿಟ್ಟು ಇನ್ನೂ ಇಳಿಯದ
ಸಿದ್ಧಲಿಂಗೇಶ್
ಪ್ಯಾರೀಸ್ ಕಾರ್ನರ್, ಚೆನ್ನೈ